'ಹೊರಗಟ್ಟುತ್ತದೆ' ಎಂಬ ಒಂದು ಮಾತಿನ ಬಗ್ಗೆ

ಪ್ರಿಯ ಮಿತ್ರರೇ,

ಉಪ್ಪು ಹೆಚ್ಚಾದ ಮಣ್ಣಿನಲ್ಲಿ ಸಸ್ಯಕೋಶ ಅಯಾನುಗಳನ್ನು ಹೇಗೆ ಹದದಲ್ಲಿಡುತ್ತದೆ ಎಂಬ ನಿಮ್ಮ ಲೇಖನವನ್ನೂ, ಅದು ಮೂರು ಕಡೆಯಿಂದ ಮರಳಿ ಬಂದಿತೆಂದು ನೊಂದು ಬರೆದ ಪತ್ರವನ್ನೂ ಎರಡೆರಡು ಬಾರಿ ಓದಿದೆ. ಎಲ್ಲಿಗೆ ಕಳುಹಿಸಬೇಕು, ಎಷ್ಟು ಪುಟವಿರಬೇಕು ಎಂಬುದನ್ನು ಬೇರೆ ಯಾರಾದರೂ ಹೇಳಿಯಾರು. ನನ್ನನ್ನು ಕಾಡಿದ್ದು ನಿಮ್ಮ ಒಂದು ವಾಕ್ಯ: 'ಕೋಶವು ತನ್ನ ಸೋಡಿಯಂ ಪಂಪಿನಿಂದ ಉಪ್ಪನ್ನು ಹೊರಗಟ್ಟುತ್ತದೆ.'

ವಾಕ್ಯ ಸಲೀಸಾಗಿದೆ, ಆದರೆ ನಿಜವಲ್ಲ. ನೀವು ಹೇಳುವ ಪಂಪು ಪ್ರಾಣಿಕೋಶದ್ದು. 1957ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ ಅದನ್ನು ಕಂಡದ್ದು ಏಡಿಯ ನರಗಳಲ್ಲಿ. ಹೂಬಿಡುವ ಸಸ್ಯಗಳಲ್ಲಿ ಅದಿಲ್ಲ. ಅವುಗಳ ಕೋಶಪೊರೆಯ ಪಂಪು ಕೋಶಕ್ಕೆ ಶಕ್ತಿಯೊದಗಿಸುವ ಎಟಿಪಿ ಎಂಬ ಅಣುವನ್ನು ವ್ಯಯಿಸಿ ಹೊರದೂಡುವುದು ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು. ಅವು ಇಳಿಜಾರಿನ ನೀರಿನಂತೆ ಒಳಕ್ಕೆ ಮರಳುವಾಗ, ಎಸ್‌ಒಎಸ್1 ಎಂಬ ಪ್ರೋಟೀನು ಆ ಹರಿವಿನ ಬಲದಿಂದಲೇ ಸೋಡಿಯಂ ಅಯಾನನ್ನು ಹೊರಸಾಗಿಸುತ್ತದೆ. ಅದನ್ನು ಚುರುಕುಗೊಳಿಸುವ ಕ್ರಮವೂ ಇದೆ: ಉಪ್ಪು ತಾಕಿದೊಡನೆ ಕೋಶರಸದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಬೇರಿನಲ್ಲಿ ಎಸ್‌ಒಎಸ್3 ಎಂಬ ಪ್ರೋಟೀನು ಅದನ್ನು ಗ್ರಹಿಸಿ ಎಸ್‌ಒಎಸ್2 ಎಂಬ ಕಿಣ್ವದ ಜೊತೆಗೂಡುತ್ತದೆ, ಎಸ್‌ಒಎಸ್2 ಫಾಸ್ಫೇಟನ್ನು ಜೋಡಿಸಿದಾಗ ಎಸ್‌ಒಎಸ್1 ಕೆಲಸಕ್ಕಿಳಿಯುತ್ತದೆ. ಇಷ್ಟನ್ನೂ 'ಹೊರಗಟ್ಟುತ್ತದೆ' ಎಂಬ ಒಂದು ಕ್ರಿಯಾಪದದಡಿ ಮುಚ್ಚಿಬಿಟ್ಟಿರಲ್ಲ!

ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ತಪ್ಪನ್ನು ಅಚ್ಚಿಗೆ ಕೊಟ್ಟಿದ್ದೆ. ಸಂಪಾದಕರೊಬ್ಬರು ಆ ಲೇಖನದ ತಿಳಿಗನ್ನಡವನ್ನು ಬಹಳ ಹೊಗಳಿದರು. ತಪ್ಪು ತಿಳಿದ ಮೇಲೂ, ಆ ಹೊಗಳಿಕೆ ಎಲ್ಲಿ ಕೈತಪ್ಪೀತೋ ಎಂದು ತಿದ್ದುಪಡಿ ಕಳುಹಿಸದೆ ಸುಮ್ಮನಿದ್ದೆ. ಆ ಮೌನ ಇಂದಿಗೂ ಚುಚ್ಚುತ್ತದೆ.

ಇನ್ನೊಂದಕ್ಕೆ ನನಗೆ ಸಿಟ್ಟೇ ಬಂತು. ಸೋಡಿಯಂ ಅನ್ನು ಏಳು ಸಲ 'ಶತ್ರು' ಎಂದಿದ್ದೀರಿ. ಪೊಟ್ಯಾಸಿಯಂ ಹೆಸರೇ ಇಲ್ಲ. ಕೋಶರಸದಲ್ಲಿ ಸುಮಾರು 100 ಮಿಲಿಮೋಲಾರ್‌ನಷ್ಟಿರುವ ಪೊಟ್ಯಾಸಿಯಂನ ಜಾಗವನ್ನು ಸೋಡಿಯಂ ಆಕ್ರಮಿಸಿದಾಗ ಕಿಣ್ವಗಳ ಕೆಲಸ ಕೆಡುತ್ತದೆ. ಸೋಡಿಯಂ ನುಗ್ಗಿ ಪೊರೆಯ ಒಳಹೊರಗಿನ ವಿದ್ಯುತ್ ವಿಭವದ ವ್ಯತ್ಯಾಸ ಕುಗ್ಗಿದರೆ ಇದ್ದ ಪೊಟ್ಯಾಸಿಯಂ ಕೂಡ ಸೋರಿಹೋಗುತ್ತದೆ. ಆದರೆ ಅದೇ ಸೋಡಿಯಂ ಕೋಶದೊಳಗಿನ ಚೀಲದಂಥ ರಸದಾನಿಯೊಳಗೆ ಸೇರಿಕೊಂಡರೆ, ಉಪ್ಪುಮಣ್ಣಿನಿಂದ ನೀರೆಳೆಯಲು ಕೋಶಕ್ಕೆ ನೆರವಾಗುತ್ತದೆ. ಆಗ ಕೋಶರಸದ ಸಮತೋಲಕ್ಕೆ ಪ್ರೋಲೀನ್ ಎಂಬ ಅಮೈನೋ ಆಮ್ಲದಂಥ ವಸ್ತುಗಳು ಸಂಗ್ರಹವಾಗುತ್ತವೆ. ಇರುವ ಜಾಗಕ್ಕೆ ತಕ್ಕಂತೆ ಗುಣ ಬದಲಿಸುವ ಅಯಾನಿಗೆ ಶತ್ರು ಎಂಬ ಹೆಸರು ಹೇಗೆ ಒಪ್ಪೀತು?

ಬೇರುಗೂದಲನ್ನು ವರ್ಣಿಸುವ ನಿಮ್ಮ ನಾಲ್ಕನೆಯ ಪುಟ ನನ್ನನ್ನು ತಡೆದು ನಿಲ್ಲಿಸಿತು. ಅದರ ಒಂದು ಅಕ್ಷರವನ್ನೂ ಮುಟ್ಟಬೇಡಿ. ಪಂಪಿನ ವಾಕ್ಯವನ್ನು ಹೊಡೆದುಹಾಕಿ, ಪೊಟ್ಯಾಸಿಯಂಗೆ ಒಂದು ಪುಟ ಕೊಟ್ಟು, ಹಸ್ತಪ್ರತಿಯನ್ನು ಮೊದಲು ನನಗೆ ಕಳುಹಿಸಿ. ಕಾಯುತ್ತಿರುತ್ತೇನೆ.