ಮಗಳಿಗೊಂದು ಪತ್ರ: ಅರಸನ ಪಂಕ್ತಿಯಲ್ಲಿ ಕುಂಟನಿಗೊಂದು ಸ್ಥಳ

ಕರ್ತನಲ್ಲಿ ಪ್ರಿಯಳಾದ ಮಗಳೇ,

ಯೋಗ್ಯಳಲ್ಲವೆಂಬ ಅಳುಕಿನಿಂದ ಕರ್ತನ ಭೋಜನಕ್ಕೆ, ಯೇಸುವಿನ ಮರಣವನ್ನು ನೆನೆದು ಸಭೆಯಲ್ಲಿ ರೊಟ್ಟಿಯನ್ನೂ ಪಾತ್ರೆಯನ್ನೂ ತೆಗೆದುಕೊಳ್ಳುವ ಆ ಪಂಕ್ತಿಗೆ, ಹೋಗದೆ ಹಿಂದಿನ ಸಾಲಿನಲ್ಲಿಯೇ ಕುಳಿತುಬಿಡುತ್ತಿದ್ದೇನೆ ಎಂದು ನೀನು ಬರೆದಿದ್ದೀಯೆ. ನೀನು ಯೋಗ್ಯಳೇ ಎಂದು ಹೇಳಿ ನಿನ್ನನ್ನು ಸಮಾಧಾನಪಡಿಸಲು ನನಗೆ ಮನಸ್ಸು ಬರುವುದಿಲ್ಲ. ಯೋಗ್ಯತೆಯನ್ನೇ ಅಳೆಯಹೊರಟರೆ ಅಲ್ಲಿಗೆ ಹೋಗಬಲ್ಲವರು ಇಡೀ ಸಭೆಯಲ್ಲಿ ಒಬ್ಬರೂ ಉಳಿಯಲಾರರು. ದೇವರು ನಮ್ಮ ಪಾಪಗಳಿಗೆ ತಕ್ಕಂತೆ ನಮ್ಮೊಡನೆ ವರ್ತಿಸಲಿಲ್ಲವೆಂದು ಬೈಬಲಿನ 103ನೆಯ ಕೀರ್ತನೆ ಹಾಡುವುದು ಇದೇ ಕಾರಣಕ್ಕೆ.

ಮೆಫೀಬೋಶೆತನನ್ನು ನೆನಪಿಸಿಕೋ. ದಾವೀದನಿಗಿಂತ ಮೊದಲು ಇಸ್ರಾಯೇಲಿನ ಅರಸನಾಗಿದ್ದು, ಅವನನ್ನು ಕೊಲ್ಲಲು ಹೊಂಚುಹಾಕಿದ ಸೌಲನ ಮೊಮ್ಮಗ ಈ ಮೆಫೀಬೋಶೆತ; 5 ವರ್ಷದವನಾಗಿದ್ದಾಗ, ಅವನನ್ನೆತ್ತಿಕೊಂಡು ಓಡುತ್ತಿದ್ದ ದಾದಿಯ ಕೈಯಿಂದ ಬಿದ್ದು ಎರಡೂ ಕಾಲು ಕುಂಟಾದವನು. ಲೋದೆಬಾರೆಂಬ ಊರಿನಲ್ಲಿ ಬೇರೊಬ್ಬರ ಮನೆಯಲ್ಲಿ ವಾಸವಾಗಿದ್ದವನನ್ನು, ಆಗ ಅರಸನಾಗಿದ್ದ ದಾವೀದನೇ ಹೇಳಿಕಳುಹಿಸಿ ಕರೆಸಿದಾಗ, ದಂಡನೆಯೇ ಕಾದಿದೆಯೆಂದು ಅವನು ಎಣಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆದರಬೇಡವೆಂದು ಅರಸನು ಹೇಳಿದಾಗಲೂ ಅವನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡು ಅಡ್ಡಬಿದ್ದ. ದಾವೀದನಾದರೋ ಆ ಮಾತನ್ನು ಅಲ್ಲಗಳೆಯುವ ಗೋಜಿಗೂ ಹೋಗದೆ, ಅವನ ತಾತನ ಭೂಮಿಯನ್ನೆಲ್ಲ ಹಿಂದಿರುಗಿಸಿ, ರಾಜಕುಮಾರರ ಪಂಕ್ತಿಯಲ್ಲಿ ಅವನಿಗೆ ಸ್ಥಳ ಕೊಟ್ಟ. ಅವನ ಯಾವ ಗುಣವನ್ನು ಕಂಡು? ಯಾವುದನ್ನೂ ಅಲ್ಲ, ಅವನ ತಂದೆಯೂ ತನ್ನ ಪ್ರಾಣಸ್ನೇಹಿತನೂ ಆಗಿದ್ದ ಯೋನಾತಾನನಿಗೆ ತಾನು ಕೊಟ್ಟಿದ್ದ ಮಾತಿನ ನಿಮಿತ್ತವೇ ಆ ದಯೆ. ನನ್ನ ಮನಸ್ಸನ್ನು ಬಹಳವಾಗಿ ಹಿಡಿದಿರುವುದು ಇದನ್ನು ಹೇಳುವ 2 ಸಮುವೇಲ 9ನೆಯ ಅಧ್ಯಾಯದ ಕೊನೆಯ ವಚನ: ಅವನು ನಿತ್ಯವೂ ಅರಸನ ಪಂಕ್ತಿಯಲ್ಲಿ ಊಟಮಾಡುತ್ತಿದ್ದ, ಅವನ ಎರಡು ಕಾಲುಗಳೂ ಕುಂಟಾಗಿದ್ದವು. ಕಾಲು ನೆಟ್ಟಗಾದ ಮೇಲೆ ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ.

ನಮಗೂ ಕರುಣೆ ದೊರೆಯುವುದು ಹೀಗೆಯೇ, ಕ್ರಿಸ್ತನ ನಿಮಿತ್ತ. ಆದರೆ ದೇವರು ಪಾಪವನ್ನು ಕಂಡೂ ಕಾಣದವನಂತೆ ಇದ್ದುಬಿಟ್ಟನೆಂದು ಇದರ ಅರ್ಥವಲ್ಲ. ನಮಗೆ ಸಲ್ಲಬೇಕಾಗಿದ್ದ ಶಿಕ್ಷೆಯನ್ನು ಆತನ ಮಗನೇ ಶಿಲುಬೆಯ ಮೇಲೆ ಹೊತ್ತದ್ದರಿಂದ, ನ್ಯಾಯವನ್ನು ಬಿಟ್ಟುಕೊಡದೆಯೇ ಆತನು ನಮ್ಮನ್ನು ಕ್ಷಮಿಸುತ್ತಾನೆ. ಆದುದರಿಂದ ಮೊದಲು ಒಳ್ಳೆಯವಳಾಗಿ ಆಮೇಲೆ ಬರುತ್ತೇನೆಂಬ ನಿನ್ನ ಹಟ, ಮೇಲುನೋಟಕ್ಕೆ ದೀನತೆಯಂತೆ ಕಂಡರೂ, ಆತನು ತೆತ್ತ ಬೆಲೆಗೆ ನಿನ್ನದನ್ನೂ ಸ್ವಲ್ಪ ಸೇರಿಸಹೊರಟಂತೆ ನನಗೆ ತೋರುತ್ತದೆ.

ಅಯೋಗ್ಯವಾಗಿ ಭುಜಿಸುವುದರ ವಿಷಯದಲ್ಲಿ ಅಪೊಸ್ತಲನಾದ ಪೌಲನು ಕೊಟ್ಟ ಎಚ್ಚರಿಕೆ ನಿನ್ನನ್ನು ಹೆದರಿಸಿದೆ, ಬಲ್ಲೆ. ಕೊರಿಂಥ ಪಟ್ಟಣದ ಸಭೆಯವರು ಈ ಭೋಜನಕ್ಕೆ ಕೂಡಿದಾಗ ಕೆಲವರು ಹೊಟ್ಟೆತುಂಬ ಉಂಡು ಕುಡಿಯುತ್ತಿರುವಾಗ ಬಡವರು ಹಸಿದಿರಬೇಕಾಗಿತ್ತು. ಆ ನಡತೆಯನ್ನು ಖಂಡಿಸುತ್ತ ಅವನು ಬರೆದ ಮಾತು ಅದು. ಅವನೂ ಸಹ, ಪರೀಕ್ಷಿಸಿಕೊಂಡು ದೂರವಿರಲಿ ಎನ್ನದೆ, ಪರೀಕ್ಷಿಸಿಕೊಂಡವನಾಗಿ ಭುಜಿಸಲಿ ಎಂದೇ ಹೇಳುತ್ತಾನೆ.

ನಿನ್ನನ್ನು ಬಾಧಿಸುತ್ತಿರುವ ಪಾಪವನ್ನು ಮುಚ್ಚಿಡದೆ ಕರ್ತನಿಗೆ ಅರಿಕೆಮಾಡು, ಯಾರನ್ನಾದರೂ ನೋಯಿಸಿದ್ದರೆ ಹೋಗಿ ಸಮಾಧಾನ ಮಾಡಿಕೋ. ಈ ಭಾನುವಾರ ರೊಟ್ಟಿಯನ್ನೂ ಪಾತ್ರೆಯನ್ನೂ ಕೊಡುವಾಗ ಹಿಂದೆ ಉಳಿಯಬೇಡ, ಕೈಚಾಚಿ ತೆಗೆದುಕೋ.

ನಿನಗಾಗಿ ಪ್ರಾರ್ಥಿಸುತ್ತಿರುವ,
ಅಮ್ಮ