ಮಗಳಿಗೊಂದು ಪತ್ರ: ಬಿಲದ ಬಾಗಿಲಲ್ಲಿ ನಿಂತು ಕೂಗಿದವನು

ಪ್ರೀತಿಯ ಪುಟ್ಟಿ,

ನೀನು ಬರೆದ ಪೆಂಗ್ವಿನ್ ಚಿತ್ರ ಅಮ್ಮ ಕಳಿಸಿದ್ದಳು, ನೋಡಿದೆ. ಚೆನ್ನಾಗಿದೆ. ಒಂದೇ ಒಂದು ತಿದ್ದುವುದಿದೆ. ಅದರ ಕಾಲಡಿ ಬಿಳಿ ಬಣ್ಣ ಬಳಿದು ಐಸ್ ಮಾಡಿದ್ದೀಯಲ್ಲ, ಅದನ್ನು ಅಳಿಸಿಬಿಡು. ನಾನು ನೋಡಿದ ಕಡೆ ಐಸ್ ಇರಲೇ ಇಲ್ಲ. ಇದ್ದದ್ದು ಮಣ್ಣು, ಧೂಳು, ಅಲ್ಲಲ್ಲಿ ಒಣಹುಲ್ಲು. ಒಂದೇ ಒಂದು ಮರ ಇಲ್ಲ.

ಫೋನಿನಲ್ಲಿ ಹೇಳೋಣ ಅಂದರೆ ಹಡಗಿನ ನೆಟ್ ಕಥೆ ನಿನಗೆ ಗೊತ್ತೇ ಇದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುವವನಿಗೆ ಪೆಂಗ್ವಿನ್ ತೋರಿಸಲು ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಅಜ್ಜಿ ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಪ್ಯಾಸೆಂಜರ್‌ಗಳನ್ನು ದಡಕ್ಕೆ ಕರೆದುಕೊಂಡು ಹೋಗುವಾಗ ಒಮ್ಮೊಮ್ಮೆ ಕ್ರೂನಲ್ಲಿ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ, ಎಸ್ಕಾರ್ಟ್ ಅಂತ. ಕೋಲಿಗೆ ಅಂಟಿಸಿದ ನಂಬರ್ ಹಲಗೆ ಹಿಡಿದು ಎಲ್ಲರ ಹಿಂದೆ ನಡೆಯಬೇಕು, ತಲೆ ಎಣಿಸಬೇಕು, ಅಷ್ಟೇ ಕೆಲಸ. ನಾಲ್ಕು ತಿಂಗಳಿಂದ ಹೆಸರು ಕೊಟ್ಟು ಕಾಯುತ್ತಿದ್ದೆ. ಕಳೆದ ಸಲ ನನ್ನ ಸರದಿ ಬಂದಿತ್ತು, ಆದರೆ ಗಾಳಿ ಜಾಸ್ತಿ ಅಂತ ಟೂರ್ ಕ್ಯಾನ್ಸಲ್ ಆಯಿತು. ಆ ದಿನ ಸಿಟ್ಟಿನಲ್ಲಿ ಎರಡು ಮೂಟೆ ಈರುಳ್ಳಿ ಹೆಚ್ಚಿದ್ದೆ.

ಈ ಸಲ ಗಾಳಿ ಸ್ವಲ್ಪ ಕರುಣೆ ತೋರಿಸಿತು. ಊರಿನ ಹೆಸರು ಪುಂತಾ ಅರೇನಾಸ್, ಚಿಲಿ ದೇಶದ ತುತ್ತತುದಿ. ನಿನ್ನ ಅಟ್ಲಾಸ್‌ನಲ್ಲಿ ದಕ್ಷಿಣ ಅಮೆರಿಕದ ಬಾಲ ಹುಡುಕು. ಅಲ್ಲಿ ಎರಡು ಸಮುದ್ರ ಕೂಡಿಸುವ ಕಿರಿದಾದ ನೀರಿನ ದಾರಿ ಕಾಣುತ್ತದೆ, ಮೆಗೆಲನ್ ಜಲಸಂಧಿ. ಅದರೊಳಗೆ ಊರಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಮಗ್ದಲೇನಾ ಅಂತ ಪುಟ್ಟ ದ್ವೀಪ. ಫೆರಿಯಲ್ಲಿ ಎರಡು ಗಂಟೆ. ಎಷ್ಟೋ ವರ್ಷದಿಂದ ಹಡಗಿನಲ್ಲೇ ಇರುವ ನನಗೆ ಆ ಸಣ್ಣ ಫೆರಿಯಲ್ಲಿ ಹೊಟ್ಟೆ ತೊಳಸಿತು. ಇದನ್ನು ಅಮ್ಮನಿಗೆ ಹೇಳಬೇಡ.

ನಿನ್ನ ಮೊದಲ ಪ್ರಶ್ನೆ: ವಾಸನೆ ಬರುತ್ತದಾ? ಬರುತ್ತದೆ ಮಗಾ. ದ್ವೀಪ ಇನ್ನೂ ದೂರ ಇರುವಾಗಲೇ ಗಾಳಿಯಲ್ಲಿ ಬಂತು. ಮಲ್ಪೆ ದಕ್ಕೆಯ ವಾಸನೆಗೆ ಕೋಳಿಗೂಡಿನ ವಾಸನೆ ಸೇರಿಸು, ಅದು. ಪ್ಯಾಸೆಂಜರ್‌ಗಳೆಲ್ಲ ಮೂಗಿಗೆ ಸ್ಕಾರ್ಫ್ ಸುತ್ತಿಕೊಂಡರು. ನನಗೆ ಮಾತ್ರ ಸ್ವಲ್ಪ ಊರಿನ ನೆನಪಾಯಿತು. ಅಲ್ಲ, ಅವು ತಿನ್ನುವುದಾದರೂ ಏನು? ಬೂತಾಯಿ ತರಹದ ಸಣ್ಣ ಮೀನು, ಬೊಂಡಾಸ. ನಮ್ಮ ಮನೆ ಊಟವೇ ಅಲ್ವಾ.

ಇಳಿದ ಕೂಡಲೇ ಗೈಡ್ ನಿಯಮ ಹೇಳಿದರು. ಎರಡೂ ಕಡೆ ಹಗ್ಗ ಕಟ್ಟಿದ ದಾರಿ ಇದೆ, ಅದು ಬಿಟ್ಟು ಆಚೆ ಕಾಲಿಡುವ ಹಾಗಿಲ್ಲ. ಮುಟ್ಟುವ ಹಾಗಿಲ್ಲ, ತಿನ್ನಲು ಕೊಡುವ ಹಾಗಿಲ್ಲ. ಒಂದು ಗಂಟೆ ಅಷ್ಟೇ. ಪೆಂಗ್ವಿನ್ ದಾರಿಗೆ ಬಂದರೆ ಅದಕ್ಕೇ ಮೊದಲು ದಾರಿ. ನಾವು ನಿಲ್ಲಬೇಕು.

ನಿಂತೆವು ಕೂಡ. ಹತ್ತು ಹೆಜ್ಜೆ ಹೋಗಿಲ್ಲ, ಒಂದು ಪೆಂಗ್ವಿನ್ ದಾರಿಯ ನಡುವೆ ಬಂದು ನಿಂತಿತು. ಎಲ್ಲಿಗೂ ಹೋಗಲಿಲ್ಲ. ಸುಮ್ನೆ ನಿಂತಿತು. ನಮ್ಮೂರಲ್ಲಿ ಬಸ್ ಎದುರು ದನ ನಿಲ್ಲುತ್ತದಲ್ಲ, ಅದೇ ಗತ್ತು. ಎತ್ತರ ನಿನ್ನ ಸೊಂಟದಷ್ಟು. ಎದೆಯ ಮೇಲೆ ಎರಡು ಕಪ್ಪು ಪಟ್ಟೆ. ಮೆಗೆಲನ್ ಪೆಂಗ್ವಿನ್ ಅಂತ ಗುರುತು ಹಿಡಿಯುವುದು ಆ ಎರಡು ಪಟ್ಟೆಯಿಂದಲೇ. ನಿನ್ನ ಚಿತ್ರದಲ್ಲಿ ಅದನ್ನೂ ಸೇರಿಸು. ನಮ್ಮ ಗುಂಪಿನಲ್ಲಿ 32 ಜನ, ಎಲ್ಲರೂ ಆ ಮಹಾರಾಯನ ಮುಂದೆ ಕ್ಯೂನಲ್ಲಿ. ಅದರ ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರು ತೂಗುತ್ತಿತ್ತು. ತಲೆ ಒದರಿತು, ಹನಿ ಹಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹನಿ. ಪಾಪ, ಶೀತ ಆಗಿದೆ ಅಂತ ಮುಂದಿದ್ದ ಅಜ್ಜಿ ಮರುಗಿದರು. ಶೀತ ಅಲ್ಲವಂತೆ. ಇವು ಕುಡಿಯುವುದು ಸಮುದ್ರದ ಉಪ್ಪುನೀರು. ಕಣ್ಣಿನ ಮೇಲೆ ಒಂದು ಗ್ರಂಥಿ ಇದೆ, ಅದು ರಕ್ತದಿಂದ ಉಪ್ಪನ್ನು ಬೇರೆ ಮಾಡುತ್ತದೆ. ಆ ಉಪ್ಪೇ ಹೀಗೆ ಹನಿಯಾಗಿ ಇಳಿಯುತ್ತದೆ.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಇವು ಬಿಲದಲ್ಲಿ ಇರುತ್ತವೆ! ಇಲಿ, ಹೆಗ್ಗಣದ ಹಾಗೆ. ಕಾಲಿನಲ್ಲಿ ಮಣ್ಣು ಕೆದರಿ ತೋಡುತ್ತವೆ. ದ್ವೀಪ ಪೂರ್ತಿ ತೂತು. ಹತ್ತಾರು ಸಾವಿರ ಜೋಡಿ ಇವೆ ಅಂದರೆ ಎಷ್ಟು ಬಿಲ ಅಂತ ನೀನೇ ಲೆಕ್ಕ ಹಾಕು. ಚಳಿಗಾಲ ಪೂರ್ತಿ ಸಮುದ್ರದಲ್ಲೇ ಕಳೆದು, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಇಲ್ಲಿಗೆ ಬರುತ್ತವೆ. ಗಂಡು ಮೊದಲು ಬಂದು ಹಳೆಯ ಬಿಲವನ್ನೇ ಹುಡುಕಿ ರಿಪೇರಿ ಮಾಡುತ್ತದೆ, ಹೆಣ್ಣು ಆಮೇಲೆ ಬರುತ್ತದೆ. ಎರಡು ಮೊಟ್ಟೆ. ಸುಮಾರು 40 ದಿನ ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತವೆ. ನಾನು ಹೋದದ್ದು ಜನವರಿ, ಮರಿಗಳು ಆಗಲೇ ದೊಡ್ಡವಾಗಿದ್ದವು. ಬೂದು ಬಣ್ಣದ ತುಪ್ಪಳ, ದೊಡ್ಡ ಹೊಟ್ಟೆ, ಒಗೆದು ಹಿಂಡದೆ ಇಟ್ಟ ಕಂಬಳಿಯ ಹಾಗೆ.

ಒಂದು ಬಿಲದ ಹತ್ತಿರ ನಾನು ಬಗ್ಗಿ ನೋಡಿದೆ, ಹಗ್ಗದ ಈಚೆಯಿಂದಲೇ. ಒಳಗಿದ್ದ ತಾಯಿಯೋ ತಂದೆಯೋ ನನ್ನನ್ನು ಎಡಗಣ್ಣಿನಿಂದ ನೋಡಿತು. ತಲೆ ಓರೆ ಮಾಡಿ ಬಲಗಣ್ಣಿನಿಂದ ನೋಡಿತು. ಮತ್ತೆ ಎಡ. ಅಜ್ಜಿ ಕನ್ನಡಕ ಇಲ್ಲದೆ ನೂರರ ನೋಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾರಲ್ಲ, ಹಾಗೆ. ಮುದ್ದು ಮಾಡುತ್ತಿದೆ ಅಂದುಕೊಂಡು ನಾನು ನಕ್ಕೆ. ಅದು ಮುದ್ದಲ್ಲ, ದೂರ ಹೋಗು ಅನ್ನುವುದು ಅಂತ ಗೈಡ್ ಹೇಳಿದರು. ಹಿಂದೆ ಸರಿದೆ. ಕಚ್ಚುತ್ತದಾ ಅಂತ ಕೇಳಿದ್ದೆಯಲ್ಲ, ಹತ್ತಿರ ಹೋದರೆ ಚೆನ್ನಾಗಿಯೇ ಕಚ್ಚುತ್ತದಂತೆ.

ಅಲ್ಲೇ ನಿಂತಿರುವಾಗ ಸಮುದ್ರದ ಕಡೆಯಿಂದ ಇನ್ನೊಂದು ಬಂತು. ಮೈಯಿನ್ನೂ ಒದ್ದೆ. ಮೀನು ತುಂಬಿಕೊಂಡು ಭಾರವಾಗಿ, ಎರಡೂ ಕೈಯಲ್ಲಿ ಕೊಡಪಾನ ಹಿಡಿದವರ ಹಾಗೆ ಓಲಾಡುತ್ತ ಬಂತು. ನೇರ ಒಳಗೆ ಹೋಗಲಿಲ್ಲ. ಬಿಲದ ಬಾಗಿಲಲ್ಲಿ ನಿಂತು, ಕತ್ತು ಮೇಲೆತ್ತಿ, ರೆಕ್ಕೆ ಅಗಲಿಸಿ ಕೂಗಿತು. ಇಂಪಾದ ಕೂಗಲ್ಲ. ಥೇಟ್ ಕತ್ತೆ. ನೀನು ಕತ್ತೆಯ ಕೂಗು ಕೇಳಿಲ್ಲ ಅನಿಸುತ್ತದೆ. ಬಾವಿ ನೀರು ಇಳಿದಾಗ ನಮ್ಮ ಪಂಪು ಮೊದಲು ಬಿಟ್ಟು ಬಿಟ್ಟು ಗಾಳಿ ಎಳೆದು ಆಮೇಲೆ ಒಮ್ಮೆಗೇ ಊಳಿಡುತ್ತದಲ್ಲ, ಹಾಗೆ. ಒಳಗಿನಿಂದ ಉತ್ತರ ಬಂತು. ಆಮೇಲಷ್ಟೇ ಒಳಗೆ ಹೋಯಿತು. ಇಷ್ಟು ಸಾವಿರದಲ್ಲಿ ನಮ್ಮವರು ಯಾರು ಅಂತ ಸ್ವರದಿಂದಲೇ ತಿಳಿಯುತ್ತವೆ.

ನಾನು ಕಳೆದ ಸಲ ಊರಿಗೆ ಬಂದಾಗ ನೀನು ಎರಡು ದಿನ ಅಜ್ಜಿಯ ಸೆರಗಿನ ಹಿಂದೆ ಇದ್ದೆ. ನೆನಪಿದೆಯಾ? ಎಂಟು ತಿಂಗಳಾಗಿತ್ತು. ನಾನೂ ದಡ್ಡ, ಗೇಟ್ ತೆಗೆದು ಬ್ಯಾಗ್ ಇಟ್ಟು ಏನೂ ಮಾತಾಡದೆ ಅಂಗಳದಲ್ಲಿ ನಿಂತಿದ್ದೆ. ಈ ಸಲ ಗೇಟಿನಲ್ಲೇ ನಿಂತು ಜೋರಾಗಿ ಕೂಗುತ್ತೇನೆ. ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ. ನೀನು ಉತ್ತರ ಕೊಡು.

ಮರಿಗೆ ಉಣಿಸುವುದನ್ನೂ ನೋಡಿದೆ. ದೊಡ್ಡದು ಕೊಕ್ಕು ತೆರೆಯುತ್ತದೆ, ಮರಿ ಇಡೀ ತಲೆಯನ್ನೇ ಒಳಗೆ ತೂರಿಸುತ್ತದೆ. ಎರಡು ಮರಿಯಲ್ಲಿ ದಪ್ಪಗಿದ್ದದ್ದು ನುಗ್ಗಿ ನುಗ್ಗಿ ತಿಂದಿತು, ಸಣ್ಣದಕ್ಕೆ ಕೊನೆಯಲ್ಲಿ ಒಂದು ತುತ್ತು. ಬಡಿಸುವ ಕೆಲಸದವನು ನಾನು, ನನಗೆ ಅದು ಸರಿ ಕಾಣಲಿಲ್ಲ. ಆದರೆ ಅಲ್ಲಿ ನನ್ನ ಮಾತು ಯಾರು ಕೇಳುತ್ತಾರೆ?

ಬಡಿಸುವ ವಿಷಯ ಬಂತು ಅಂತ ಹೇಳುತ್ತೇನೆ. 1520ರಲ್ಲಿ ಮೆಗೆಲನ್ ಅನ್ನುವ ನಾವಿಕನ ಹಡಗುಗಳು ಈ ಕಡೆ ಬಂದಾಗ ಜೊತೆಗಿದ್ದ ಪಿಗಾಫೆಟ್ಟಾ ಅನ್ನುವವನು ಎಲ್ಲ ಬರೆದಿಟ್ಟಿದ್ದಾನೆ. ಪೆಂಗ್ವಿನ್‌ಗಳನ್ನು ಅವನು ಹೆಬ್ಬಾತು ಅಂದುಕೊಂಡಿದ್ದ. ಕೊಬ್ಬು ಎಷ್ಟಿತ್ತೆಂದರೆ ಪುಕ್ಕ ಕೀಳಲು ಆಗದೆ ಚರ್ಮವನ್ನೇ ಸುಲಿಯುತ್ತಿದ್ದರಂತೆ. ಗೈಡ್ ಇದನ್ನು ಹೇಳಿದಾಗ ಎಲ್ಲರೂ ಅಯ್ಯೋ ಅಂದರು. ಆ ಹಡಗಿನ ಅಡುಗೆಯವನ ಕೈ ಎಷ್ಟು ನೋಯಿತೋ ಅಂತ ನಾನು ಯೋಚಿಸಿದೆ. ಕಸುಬು ಬಿಡುತ್ತದಾ.

ದಾರಿಯ ಕೊನೆಯಲ್ಲಿ ಗುಡ್ಡದ ಮೇಲೆ ಒಂದು ದೀಪಸ್ತಂಭ ಇದೆ, 1902ರದ್ದು. ನೀನು ಮೆಟ್ಟಿಲು ಎಣಿಸುತ್ತ ಹತ್ತಿದ ನಮ್ಮ ಕಾಪು ದೀಪಸ್ತಂಭ 1901ರದ್ದು. ನಮ್ಮದೇ ಅಕ್ಕ. ಇದನ್ನು ಗೈಡ್‌ಗೆ ಹೇಳಿದೆ, ಅವರಿಗೆ ಕಾಪು ಎಲ್ಲಿದೆ ಅಂತ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ಎಣಿಸಿದರೆ 31. ಎದೆ ಧಸಕ್ ಅಂತು. ಓಡಿದೆ. ಶೀತ ಅಂತ ಮರುಗಿದ ಅದೇ ಅಜ್ಜಿ ಹಿಂದೆ ಉಳಿದಿದ್ದರು. ಅವರ ಮುಂದೆ ಪುನಃ ಒಂದು ಪೆಂಗ್ವಿನ್ ನಿಂತಿತ್ತು. ನಿಯಮ ನಿಯಮವೇ ಅಂತ ಅವರು ನಿಂತಲ್ಲೇ ನಿಂತಿದ್ದರು. ನಾನೂ ನಿಂತೆ. ಫೆರಿಯವನು ಹಾರ್ನ್ ಹೊಡೆದ, ಆಮೇಲೆ ಕೈಬಿಟ್ಟ.

ಪುಂತಾ ಅರೇನಾಸ್‌ಗೆ ಮರಳಿದ ಮೇಲೆ ಅರ್ಧ ಗಂಟೆ ಬಿಡುವು ಸಿಕ್ಕಿತು. ಚೌಕದಲ್ಲಿ ಮೆಗೆಲನ್‌ನ ಪ್ರತಿಮೆ ಇದೆ, ಅದರ ಬುಡದಲ್ಲಿ ಆ ನೆಲದ ಮೂಲನಿವಾಸಿಯೊಬ್ಬ ಕಾಲು ಇಳಿಬಿಟ್ಟು ಕೂತಿದ್ದಾನೆ. ಅವನ ಕಾಲ್ಬೆರಳು ಉಜ್ಜಿದರೆ ಮತ್ತೆ ಈ ಊರಿಗೆ ಬಂದೇ ಬರುತ್ತೀರಿ ಅನ್ನುತ್ತಾರೆ. ಜನ ಉಜ್ಜಿ ಉಜ್ಜಿ ಬೆರಳು ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತದೆ. ನಮ್ಮ ಗುಂಪಿನವರೆಲ್ಲ ಸಾಲಾಗಿ ಉಜ್ಜಿದರು. ನನಗೆ ಸೈನ್ ಆಫ್‌ಗೆ, ಅಂದರೆ ಹಡಗು ಇಳಿದು ಮನೆಗೆ ಹೊರಡಲು, ಇನ್ನು 42 ದಿನ. ಕೈ ಜೇಬಿನಲ್ಲೇ ಇಟ್ಟುಕೊಂಡೆ.

ಶೂ ಎರಡು ಸಲ ತೊಳೆದೆ, ವಾಸನೆ ಹೋಗಿಲ್ಲ. ಕ್ಯಾಬಿನ್‌ನಲ್ಲಿ ಜೊತೆಗಿರುವವನು ಅದನ್ನು ಹೊರಗಿಡು ಅಂತ ಗಲಾಟೆ ಮಾಡುತ್ತಿದ್ದಾನೆ. ಫೋಟೋ ಮುಂದಿನ ಪೋರ್ಟ್‌ನಲ್ಲಿ ಕಳಿಸುತ್ತೇನೆ.

ನಿನ್ನ,
ಅಪ್ಪ