ಕ್ಲೋರಿನ್ ವಹಿಗೆ ವರ್ಷ ತುಂಬಿತು: ನಮ್ಮೂರ ನೀರುಗಂಟಿಗೆ ಶರಣು

ಕೊಪ್ಪಳ ಜಿಲ್ಲೆಯ ನಮ್ಮೂರಿನ ಪಂಪ್‌ಹೌಸ್ ಗೋಡೆಗೆ, ಸ್ಟಾರ್ಟರ್ ಡಬ್ಬಿಯ ಪಕ್ಕದ ಮೊಳೆಗೆ, ಸುತಳಿ ಕಟ್ಟಿ ತೂಗುಹಾಕಿದ ಒಂದು ವಹಿ ಇದೆ, ಊರಿಗೆ ನೀರು ಬಿಡುವ ನೀರುಗಂಟಿಯ ವಹಿ. ತಾರೀಖು, ಟಾಕಿ ತುಂಬಿದ ಹೊತ್ತು, ರೋಗಾಣು ಕೊಲ್ಲಲು ಹಾಕಿದ ಬ್ಲೀಚಿಂಗ್ ಪುಡಿ ಎಷ್ಟು ಗ್ರಾಂ, ಕೊನೆಯ ಓಣಿಯ ನಳದಲ್ಲಿ ಉಳಿದ ಕ್ಲೋರಿನ್ ಎಷ್ಟು. ನಾಲ್ಕೇ ಕಾಲಂ. ಈ ಜೂನ್ ತಿಂಗಳಿಗೆ ಅದಕ್ಕೆ ಒಂದು ವರ್ಷ ತುಂಬಿತು, ನಡುವೆ ಒಂದು ಸಾಲೂ ಖಾಲಿ ಬಿದ್ದಿಲ್ಲ. ಗವಿಮಠದ ಜಾತ್ರೆಯ ದಿನದ ಸಾಲೂ ಇದೆ, ದೀಪಾವಳಿ ಅಮಾವಾಸ್ಯೆಯದೂ ಇದೆ. ಕರೆಂಟ್ ಕೈಕೊಟ್ಟ ದಿನ ‘ಕರೆಂಟ್ ಇಲ್ಲ, ನೀರು ಬಿಟ್ಟಿಲ್ಲ’ ಎಂದು ಬರೆದಿದೆ. ಸುಳ್ಳು ಅಂಕಿ ತುಂಬಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಬ್ಯಾಸಗಿ ಮುಗಿದು ಮೊದಲ ಮಳೆ ಬೀಳುವ ಹೊತ್ತು ನಮ್ಮ ಕಡೆ ಅಂಜಿಕೆಯ ಹೊತ್ತು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ, 2023ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಹಳ್ಳಿಗಳಲ್ಲಿ ಕಲುಷಿತ ನೀರಿನ ಸುದ್ದಿ, ಸಾವಿನ ಸುದ್ದಿ ಎರಡೂ ಒಟ್ಟಿಗೇ ಬಂದಿದ್ದನ್ನು ಯಾರೂ ಮರೆತಿಲ್ಲ. ಈ ಸಲ ನಮ್ಮೂರಲ್ಲಿ ಆ ದಿನಗಳು ಸುಮ್ಮನೆ ದಾಟಿದವು. ಆಶಾ ಕಾರ್ಯಕರ್ತೆಯ ವಹಿಯಲ್ಲಿ ವಾಂತಿ-ಭೇದಿಯ ಪುಟ ಬಿಳಿಯಾಗೇ ಇದೆ. ಆ ಬಿಳಿ ಪುಟಕ್ಕೂ ಪಂಪ್‌ಹೌಸಿನ ಮಸಿ ಹತ್ತಿದ ವಹಿಗೂ ಇರುವ ಸಂಬಂಧವನ್ನು ಊರಿಗೆ ತಿಳಿಸಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಿಂದ ಇದನ್ನು ಬರೆಯುತ್ತಿದ್ದೇವೆ. ‘ಹೆಸರು ಹಾಕಬ್ಯಾಡ್ರಿ, ಕೆಲಸ ಬರೀರಿ’ ಎಂದು ನೀರುಗಂಟಿಯವರೇ ಹೇಳಿದ್ದರಿಂದ ಇಲ್ಲಿ ಹೆಸರಿಲ್ಲ.

ಮೊದಲು ಪುಡಿಯ ಲೆಕ್ಕಕ್ಕೆ ಶರಣು. ಪುಡಿ ಹಾಕುವುದೆಂದರೆ ಒಂದು ಮುಷ್ಟಿ ಎಸೆದು ಇಳಿಯುವುದಲ್ಲ. ನಮ್ಮ ಮೇಲ್ಟಾಕಿ 50 ಸಾವಿರ ಲೀಟರಿನದು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪುಡಿಯಲ್ಲಿ ಸುಮಾರು 33 ಪರ್ಸೆಂಟ್ ಕ್ಲೋರಿನ್ ಇರುತ್ತದೆ, ಹಾಗಾಗಿ 300 ಗ್ರಾಂ ಪುಡಿ. ಅದೇ ಪುಡಿ ಹಳತಾಗಿ 25 ಪರ್ಸೆಂಟಿಗೆ ಇಳಿದಿದ್ದರೆ 400 ಗ್ರಾಂ. ನಮ್ಮ ಕಡೆಯ ಬಿಸಿಲಿಗೆ, ತಗಡಿನ ಶೆಡ್ಡಿನಲ್ಲಿ ಬಾಯಿ ತೆರೆದಿಟ್ಟ ಚೀಲದ ಪುಡಿ ಕೆಲವೇ ವಾರಗಳಲ್ಲಿ ಸಾರ ಕಳೆದುಕೊಳ್ಳುತ್ತದೆ. ನೋಡಲು ಬೆಳ್ಳಗೇ ಇರುತ್ತದೆ, ಒಳಗೆ ಬರೀ ಸುಣ್ಣ. ಬಹಳ ಊರುಗಳಲ್ಲಿ ‘ದಿನಾ ಹಾಕ್ತೀವ್ರಿ, ಆದ್ರೂ ಹಿಂಗಾತು’ ಅನ್ನುವುದರ ಹಿಂದಿನ ಗುಟ್ಟು ಇದು. ಅವರು ಹಾಕುವುದು ಸುಳ್ಳಲ್ಲ, ಪುಡಿಯಲ್ಲಿ ಜೀವ ಇರುವುದಿಲ್ಲ. ನಮ್ಮ ನೀರುಗಂಟಿ ಪುಡಿಯನ್ನು ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ, ನೆರಳಲ್ಲಿ ಇಟ್ಟರು. ಡ್ರಮ್ ತೆರೆದ ತಾರೀಖನ್ನು ಮುಚ್ಚಳದ ಮೇಲೆ ಬರೆದರು. ಗಂಟು ಕಟ್ಟಿದ, ವಾಸನೆ ಮಂಕಾದ ಪುಡಿಯನ್ನು ಟಾಕಿಗೆ ಹಾಕಲಿಲ್ಲ, ಚರಂಡಿಗೆ ಹಾಕಿದರು.

ಕಲಸುವ ರೀತಿಯನ್ನೂ ಹೇಳಲೇಬೇಕು, ಬೇರೆ ಊರಿನವರಿಗೂ ಉಪಯೋಗವಾದೀತು. ಪ್ಲಾಸ್ಟಿಕ್ ಬಕೆಟ್ ಬೇಕು, ತಗಡಿನದಾದರೆ ತಿಂದುಹೋಗುತ್ತದೆ. ತೂಗಿದ ಪುಡಿಗೆ ಮೊದಲು ಸ್ವಲ್ಪವೇ ನೀರು ಹಾಕಿ ಕಟ್ಟಿಗೆಯಿಂದ ದೋಸೆಹಿಟ್ಟಿನ ಹದಕ್ಕೆ ಕಲಸಬೇಕು. ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ತಿರುವಿ, ಹತ್ತು ಹದಿನೈದು ನಿಮಿಷ ಬಿಡಬೇಕು. ಸುಣ್ಣ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಸುರಿಯಬೇಕು, ಅದೂ ಟಾಕಿ ತುಂಬುತ್ತಿರುವಾಗಲೇ, ಬೀಳುವ ನೀರಿನ ಧಾರೆಯ ಹತ್ತಿರ. ತುಂಬಿದ ಮೇಲೆ ಸುರಿದರೆ ಒಂದು ಮೂಲೆಯಲ್ಲಿ ಘಾಟು, ಇನ್ನೊಂದು ಮೂಲೆಯಲ್ಲಿ ಏನೂ ಇಲ್ಲ. ಸುಣ್ಣದ ಸಮೇತ ಸುರಿದರೆ ಅದು ತಳದಲ್ಲಿ ಗಟ್ಟಿಯಾಗಿ ಕೂತು, ದಿನ ಕಳೆದಂತೆ ನೀರು ಬಿಡುವ ವಾಲ್ (ವಾಲ್ವ್) ಬಾಯಿಗೆ ಬರುತ್ತದೆ. ಇಷ್ಟಾದ ಮೇಲೆ ಕನಿಷ್ಠ ಅರ್ಧ ತಾಸು ಕಾಯಬೇಕು. ಕ್ಲೋರಿನ್ನಿಗೆ ಕೆಲಸ ಮಾಡಲು ಹೊತ್ತು ಬೇಕು. ಈ ಅರ್ಧ ತಾಸೇ ಜಗಳದ ಮೂಲ. ಕೆಳಗೆ ಕೊಡಗಳ ಸಾಲು, ‘ಯಣ್ಣಾ, ಬಿಡೋ ನೀರಾ, ಹೊಲಕ್ಕ ಹೊತ್ತಾತು’ ಎಂಬ ಕೂಗು. ವರ್ಷವಿಡೀ ಆ ಕೂಗಿಗೆ ಬಗ್ಗದೆ ನಿಂತ ಅರ್ಧ ತಾಸುಗಳಿಗೆ ನಾವು ಋಣಿ.

‘ನೀರು ಔಷಧ ವಾಸನೆ ಹೊಡೀತೈತಿ’ ಎಂಬ ದೂರೂ ಬಂತು. ಮೇ ತಿಂಗಳಲ್ಲಿ ಸಮಿತಿಯ ಸಭೆಗೇ ಬಂತು. ವಾಸನೆ ಕಡಿಮೆ ಮಾಡಲು ಪುಡಿ ಕಡಿಮೆ ಮಾಡುವುದು ಎಲ್ಲರಿಗೂ ತೋಚುವ ಸುಲಭದ ದಾರಿ. ನೀರುಗಂಟಿ ಅದನ್ನು ಹಿಡಿಯಲಿಲ್ಲ. ಹಿಡಿದ ನೀರನ್ನು ಬಾಯಗಲ ಪಾತ್ರೆಯಲ್ಲಿ, ಮೇಲೆ ತೆಳು ಬಟ್ಟೆ ಮುಚ್ಚಿ ಒಂದಿಷ್ಟು ಹೊತ್ತು ಬಿಟ್ಟರೆ ವಾಸನೆ ಹಾರುತ್ತದೆ ಎಂದು ಓಣಿ ಓಣಿಯಲ್ಲಿ ಹೇಳಿದರು. ಮೊದಲ ಮಳೆಗೆ ನೀರು ಕದಡಿದಾಗ ಪುಡಿಯನ್ನು ಇನ್ನೂ ಹೆಚ್ಚಿಸಿದರು. ಮಣ್ಣು, ಕಸ ಕ್ಲೋರಿನ್ನನ್ನು ನುಂಗಿಬಿಡುತ್ತವೆ, ರೋಗಾಣುಗಳು ಆ ಮಣ್ಣಿನ ಕಣದ ಮರೆಯಲ್ಲಿ ಬದುಕಿಕೊಳ್ಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೆರೆಗೆ ತುಂಬಿಕೊಂಡು ಬ್ಯಾಸಗಿ ಕಳೆಯುವ ಸಿಂಧನೂರು, ಮಾನ್ವಿ ಕಡೆಯ ಊರುಗಳಲ್ಲಿ ಈ ಮಾತು ಇನ್ನೂ ಮುಖ್ಯ. ಕೆರೆಯ ತಳದ ನೀರಿಗೆ ಜನವರಿಯ ಲೆಕ್ಕ ಮೇ ತಿಂಗಳಲ್ಲಿ ನಡೆಯುವುದಿಲ್ಲ.

ಹಾಕಿದ್ದು ಸಾಕೇ ಎಂದು ತಿಳಿಯುವುದು ಟಾಕಿಯ ಬುಡದಲ್ಲಲ್ಲ, ಕೊನೆಯ ನಳದಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ (ಐಎಸ್ 10500) ಬಳಸುವವರ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆ ಎರಡು ನಿಮಿಷದ್ದು. ನಳ ಬಿಟ್ಟು ಪೈಪಿನ ಹಳೇ ನೀರು ಹೋಗಲು ಬಿಡಬೇಕು, ಕಿಟ್ಟಿನ ಕೊಳವೆಯ ಗೆರೆಯವರೆಗೆ ನೀರು ಹಿಡಿಯಬೇಕು, ಹೇಳಿದಷ್ಟು ಹನಿ ದ್ರಾವಣ ಹಾಕಿ ಅಲುಗಿಸಿ ಬಣ್ಣದ ಪಟ್ಟಿಗೆ ಹೋಲಿಸಬೇಕು. ಹಳದಿ ಬಣ್ಣ ಬರುವ ಹಳೇ ದ್ರಾವಣವಾದರೆ ಹತ್ತು ಸೆಕೆಂಡಿನೊಳಗೇ ಓದಬೇಕು. ಮಾತಾಡುತ್ತ ಐದು ನಿಮಿಷ ಬಿಟ್ಟರೆ ಬಣ್ಣ ತಾನೇ ಗಾಢವಾಗುತ್ತ ಹೋಗಿ, ಇಲ್ಲದ ಧೈರ್ಯ ಕೊಡುತ್ತದೆ. ವಹಿಯ ಫೆಬ್ರವರಿ ಪುಟದಲ್ಲಿ ಮೂರು ದಿನ ಒಂದರ ಕೆಳಗೊಂದು ‘0’ ಇದೆ, ಕೆಂಪು ಪೆನ್ನಿನಲ್ಲಿ. ಟಾಕಿಯ ಹತ್ತಿರ 0.5, ಕೊನೆಯ ಓಣಿಯಲ್ಲಿ ಸೊನ್ನೆ. ಅಂದರೆ ನಡುವೆ ಎಲ್ಲೋ ಹೊರಗಿನ ಹೊಲಸು ಸೇರುತ್ತಿದೆ. ನಾಲ್ಕನೇ ದಿನದ ಸಾಲಿನ ಪಕ್ಕ ‘ಸಾಲಿ ಹತ್ರ ವಾಲ್ ಚೇಂಬರ್, ಗ್ಲ್ಯಾಂಡ್ ಲೀಕ್, ದಾರ ಬದಲಿ’ ಎಂದಿದೆ. ಶಾಲೆಯ ಹತ್ತಿರ ವಾಲ್ ಕೂರಿಸಿದ ಗುಂಡಿಯಲ್ಲಿ, ವಾಲ್ ದಂಡದ ಸುತ್ತಲಿನ ಬಿಗಿ ಸೋರುತ್ತಿತ್ತು, ಅಲ್ಲಿ ಸುತ್ತಿದ ದಾರ ಬದಲಿಸಿದರು ಎಂದರ್ಥ. ಇಡೀ ವರ್ಷದಲ್ಲಿ ಊರನ್ನು ಉಳಿಸಿದ ಸಾಲು ಯಾವುದು ಎಂದು ಕೇಳಿದರೆ ನಾವು ಅದನ್ನೇ ತೋರಿಸುತ್ತೇವೆ.

ಅದು ಯಾಕೆ ಅಷ್ಟು ದೊಡ್ಡದು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೀಳಿದ್ದಲ್ಲಿ ನೀರು ಹೊರಗೆ ಚಿಮ್ಮುತ್ತದೆ, ಅಷ್ಟೇ. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತ ಒಳಕ್ಕೆ ಎಳೆಯತೊಡಗುತ್ತದೆ. ಆಗ ಅದೇ ಸೀಳಿನಿಂದ ಚೇಂಬರಿನಲ್ಲಿ ನಿಂತ ಮೋರಿ ನೀರು ಒಳಗೆ ಹೋಗುತ್ತದೆ. ಮಾರನೇ ದಿನ ಮೊದಲ ಕೊಡ ಹಿಡಿದವರಿಗೆ ಸಿಗುವುದು ಅದು. ದಿನಕ್ಕೆ ಒಂದೆರಡು ತಾಸು ನೀರು ಬಿಡುವ ನಮ್ಮಂಥ ಎಲ್ಲ ಊರಿನ ರೋಗವೂ ಇದೇ. ನಳಕ್ಕೆ ನೇರ ಮೋಟಾರ್ ಹಚ್ಚಿ ಎಳೆಯುವವರು ಈ ಎಳೆತವನ್ನು ನೀರು ಬಿಟ್ಟ ಹೊತ್ತಿನಲ್ಲೇ ಹುಟ್ಟಿಸುತ್ತಾರೆ. ತಮ್ಮ ಸಿಂಟೆಕ್ಸ್ ತುಂಬಲು ಪಕ್ಕದ ಮನೆಯ ಮೋರಿಯನ್ನೂ ಸೇರಿಸಿಯೇ ಎಳೆಯುತ್ತಾರೆ ಎಂದು ಖಾರವಾಗಿಯೇ ಹೇಳಬೇಕಾಗಿದೆ.

ನಳದ ಗುಂಡಿಗಳದ್ದು ಇನ್ನೊಂದು ಕತೆ. ಒತ್ತಡ ಸಾಲದ ಓಣಿಯಲ್ಲಿ ಜನ ಮನೆ ಮುಂದೆ ಮೊಣಕಾಲುದ್ದ ತೋಡಿ, ಪೈಪು ಕತ್ತರಿಸಿ, ಗುಂಡಿಯೊಳಗೇ ನಳ ಕೂರಿಸಿಕೊಳ್ಳುತ್ತಾರೆ. ಕೊಡ ತುಂಬಿ ಚೆಲ್ಲಿದ ನೀರು, ಪಾತ್ರೆ ತೊಳೆದ ನೀರು, ಮಳೆ ನೀರು ಅಲ್ಲೇ ನಿಲ್ಲುತ್ತದೆ. ನಳದಲ್ಲಿ ನೀರು ಬರುವುದು ನಿಂತ ಮೇಲೆ ಮುಚ್ಚದೆ ಬಿಟ್ಟ ನಳ ಆ ಗುಂಡಿಯ ನೀರನ್ನು ಸ್ಟ್ರಾ ಹಾಕಿ ಕುಡಿದಂತೆ ಹೀರುತ್ತದೆ. ಬೈದರೆ ಗುಂಡಿ ಮುಚ್ಚುವುದಿಲ್ಲ, ಒತ್ತಡ ಕೊಟ್ಟರೆ ಮುಚ್ಚುತ್ತದೆ ಎಂದು ನೀರುಗಂಟಿ ಕಂಡುಕೊಂಡರು. ಎತ್ತರದ ಓಣಿ, ತಗ್ಗಿನ ಓಣಿ, ಪೈಪಿನ ಕೊನೆಗಿರುವ ಬಾಲದ ಓಣಿ ಎಂದು ಮೂರು ಪಾಳಿ ಮಾಡಿ, ಬಾಲದ ಓಣಿಗೆ ಮೊದಲ ಸರದಿ ಕೊಟ್ಟರು. ತಗ್ಗಿನ ಓಣಿಯ ವಾಲ್‌ನ್ನು ಪೂರ್ತಿ ತೆರೆಯದೆ ಅರ್ಧಕ್ಕೆ ಹಿಡಿದರು. ಯಾವ ವಾಲ್ ಎಷ್ಟು ಸುತ್ತು ಎಂಬುದನ್ನು ಚೇಂಬರಿನ ಒಳಗೋಡೆಗೆ ಪೇಂಟಿನಲ್ಲಿ ಬರೆದಿದ್ದಾರೆ. ಅವರು ಜ್ವರ ಬಂದು ಮಲಗಿದ ದಿನ ಬೇರೆಯವರು ಬಂದು ತಿರುವಿದರೂ ಲೆಕ್ಕ ತಪ್ಪಲಿಲ್ಲ. ಚಾವಿಯನ್ನು ನಿಧಾನ ತಿರುವುವುದೂ ಒಂದು ವಿದ್ಯೆ. ಗಡಬಡಿಸಿ ಮುಚ್ಚಿದರೆ ಓಡುತ್ತಿದ್ದ ನೀರು ಗೋಡೆಗೆ ಗುದ್ದಿದಂತೆ ಹಿಂದಕ್ಕೆ ಹೊಡೆದು ಪಿವಿಸಿ ಪೈಪಿನ ಜಾಯಿಂಟ್ ಬಿಡುತ್ತದೆ.

ಟಾಕಿ ತೊಳೆಯುವುದು ಹದಿನೈದು ದಿನಕ್ಕೊಮ್ಮೆ. ತೊಳೆದ ತಾರೀಖು, ಮುಂದೆ ತೊಳೆಯುವ ತಾರೀಖು ಎರಡೂ ಟಾಕಿಯ ಕಂಬದ ಮೇಲೆ ಕಾಣುತ್ತವೆ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇವೆ: ಟಾಕಿಯೊಳಗೆ ಒಬ್ಬರೇ ಇಳಿಯಬಾರದು. ಬ್ಲೀಚಿಂಗ್ ನೀರಿನಿಂದ ಗೋಡೆ ಉಜ್ಜುವಾಗ ಮುಚ್ಚಿದ ಜಾಗದಲ್ಲಿ ಘಾಟು ಉಸಿರು ಕಟ್ಟಿಸುತ್ತದೆ. ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು, ಮುಚ್ಚಳಗಳೆಲ್ಲ ತೆರೆದಿರಬೇಕು. ಪ್ರತಿ ಸಲ ಹಗ್ಗ ಹಿಡಿದು ನಿಂತ ಓಣಿಯ ಹುಡುಗರಿಗೂ ಶರಣು.

ಕ್ಲೋರಿನ್ನಿನಿಂದ ಆಗದ ಕೆಲಸವೂ ಒಂದಿದೆ, ನೀರಲ್ಲಿ ಕರಗಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್. ಕುಷ್ಟಗಿ, ಯಲಬುರ್ಗಾ ಕಡೆಯ ಕಲ್ಲುನೆಲದ ಬೋರುಗಳಲ್ಲಿ ಅದು ಇದ್ದದ್ದೇ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಅದರ ಮೇಲೆ ಕುಡಿಯಬಾರದು. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ನಮ್ಮ ಮೂರು ಬೋರುಗಳಲ್ಲಿ ಒಂದರ ಪರೀಕ್ಷೆ ಕೆಟ್ಟು ಬಂದಾಗ ನೀರುಗಂಟಿ ಅದರ ಪೈಪನ್ನು ಮೇಲ್ಟಾಕಿಯಿಂದ ಬಿಡಿಸಿ, ದನದ ತೊಟ್ಟಿಗೂ ಬಳಕೆಯ ಗುಮ್ಮಿಗೂ (ಸಣ್ಣ ಟಾಕಿ) ತಿರುಗಿಸಿದರು. ಗುಮ್ಮಿಗೆ ಕೆಂಪು ಬಣ್ಣ ಬಳಿದರು. ಓದು ಬಾರದವರಿಗೂ ಕೆಂಪು ಅರ್ಥವಾಗುತ್ತದೆ.

ಈ ಎಲ್ಲದಕ್ಕೂ ಹಗಲು ಸಿಕ್ಕಿಲ್ಲ ಅನ್ನುವುದನ್ನೂ ಬರೆಯಬೇಕು. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಮೋಟಾರ್ ಚಾಲೂ ಮಾಡುವುದೂ ರಾತ್ರಿಯೇ, ಕೈಯಲ್ಲಿ ಬ್ಯಾಟರಿ, ಹಾದಿಯಲ್ಲಿ ಹಾವು. ಮೋಟಾರ್ ಎಳೆಯುವ ಕರೆಂಟ್ ತೋರಿಸುವ ಆಂಪ್ ಮೀಟರಿನ ಮುಳ್ಳು ದಿನದ ಜಾಗದಿಂದ ಇಳಿಯತೊಡಗಿದರೆ ಬೋರಿನಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಆಗಲೇ ಬಂದ್ ಮಾಡದೆ ಮಲಗಿದರೆ ಬೆಳಗಾಗುವುದರಲ್ಲಿ ಮೋಟಾರ್ ಸುಟ್ಟಿರುತ್ತದೆ. ಈ ಬ್ಯಾಸಗಿ ನಮ್ಮೂರಲ್ಲಿ ಒಂದೂ ಮೋಟಾರ್ ಸುಡಲಿಲ್ಲ.

ಕಿಟ್ ಹಿಡಿದು ಬಾಲದ ಓಣಿಯ ನಳಕ್ಕೆ ತಪ್ಪದೆ ಹೋದ ಐವರು ಹೆಣ್ಣುಮಕ್ಕಳಿಗೆ, ಸಣ್ಣ ಮಗುವಿಗೆ ಎರಡು ಸಲ ಭೇದಿಯಾದರೂ ಮೊದಲು ‘ಯಾವ ನಳದ ನೀರು?’ ಎಂದು ಕೇಳುವ ಆಶಾ ಅಕ್ಕನಿಗೆ, ಬ್ಲೀಚಿಂಗ್ ಪುಡಿಯ ಬಿಲ್ಲನ್ನು ತಡಮಾಡದೆ ಪಾಸ್ ಮಾಡಿದ ಪಂಚಾಯ್ತಿಯವರಿಗೆ ಶರಣು.

ನೀರುಗಂಟಿಗೆ ಶಾಲು ಹೊದಿಸೋಣ ಎಂದಾಗ ಅವರು ಬೇಡವೆಂದರು. ಬದಲಿಗೆ ಕೇಳಿದ್ದು ಮೂರು: ಟಾಕಿಯ ಮುರಿದ ಮುಚ್ಚಳಕ್ಕೆ ಹೊಸದು, ಮೊಣಕೈವರೆಗಿನ ಒಂದು ಜೊತೆ ರಬ್ಬರ್ ಕೈಗವಸು, ಬಾಲದ ಓಣಿಯಲ್ಲಿ ಉಳಿದಿರುವ ನಳದ ಗುಂಡಿಗಳನ್ನು ಮುಚ್ಚುವುದು. ಮೊದಲ ಎರಡು ತಂದಾಗಿದೆ. ಮೂರನೆಯದಕ್ಕೆ ಬರುವ ರವಿವಾರ ಬೆಳಿಗ್ಗೆ 7ಕ್ಕೆ, ನೀರು ಬಿಟ್ಟು ನಿಂತ ಮೇಲೆ ಶುರು. ಮನೆಗೆ ಎರಡಡಿಯ ಅರ್ಧ ಇಂಚಿನ ಜಿಐ ಪೈಪು, ಒಂದು ಎಲ್ಬೋ, ಒಂದು ಸುರುಳಿ ಟೆಫ್ಲಾನ್ ಟೇಪ್ ಸಮಿತಿ ಕೊಡುತ್ತದೆ. ಎರಡು ಬುಟ್ಟಿ ಗರಸು, ಮೇಲೆ ಹಾಸಲು ಒಂದು ಫರಸಿ ಕಲ್ಲು ಮನೆಯವರೇ ಇಟ್ಟಿರಬೇಕು. ಹಳೇ ನಳ ಬಿಚ್ಚುವ ಪೈಪ್ ಪಾನಾ ಇದ್ದವರು ತನ್ನಿರಿ, ನಮ್ಮಲ್ಲಿರುವುದು ಒಂದೇ.